ಮಕ್ಕಳೂ ವಿಷಬೀಜಗಳೂ

ಪರಶುರಾಂಪುರದ ಸುತ್ತಿನ ಹಳ್ಳಿಗಳಲ್ಲಿ ಶೇಂಗಾದ ರುಚಿಯನ್ನರಿಯದ ಮಗುವಿಲ್ಲ. ಚಳ್ಳಕೆರೆಯ ಎಣ್ಣೆಗಿರಣಿಗಳಿಗೆ ಹೆಸರು ತಂದ ಬೆಳೆ ಅದು. ಗಿಡ ಕಿತ್ತು, ಸಿಪ್ಪೆ ಸುಲಿದು, ಹಸಿಬೀಜವನ್ನೇ ಬಾಯಿಗೆ ಹಾಕುವುದು ಎಳೆಯರ ವಾಡಿಕೆ. ಆದರೆ ಬೇಲಿಯಲ್ಲಿ ಬೆಳೆಯುವ ಮರಹರಳಿನ ಬೀಜಕ್ಕೂ ಹೆಚ್ಚುಕಡಿಮೆ ಅದೇ ರುಚಿ. ಅಪಾಯ ಹುಟ್ಟುವುದು ಇಲ್ಲಿಯೇ. ಕಹಿಯಾದುದನ್ನು ಮಗು ಉಗುಳುತ್ತದೆ. ರುಚಿಯಾದುದನ್ನು ಗೆಳೆಯರಿಗೂ ಹಂಚುತ್ತದೆ. ಆದುದರಿಂದಲೇ ಕೂಡಿ ಆಡುವ ಮಕ್ಕಳ ಗುಂಪಿಗೆ ಗುಂಪೇ ಆಸ್ಪತ್ರೆ ಸೇರುವುದುಂಟು.

ಕಾಡುಹರಳು, ಜಟ್ರೋಫಾ ಎಂದೂ ಕರೆಯುವ ಈ ಗಿಡವನ್ನು ದನಕರು ಮೇಯುವುದಿಲ್ಲವೆಂದು ಬೇಲಿಗೆ ನೆಡುತ್ತಾರೆ. 2003ರ ತರುವಾಯ ಜೈವಿಕ ಇಂಧನಕ್ಕಾಗಿಯೂ ಇದಕ್ಕೆ ಪ್ರೋತ್ಸಾಹ ದೊರೆಯಿತು. ಬೀಜ ತಿಂದ ಕೆಲವು ಗಂಟೆಗಳೊಳಗೆ ಗಂಟಲುರಿ, ಹೊಟ್ಟೆನೋವು, ವಾಂತಿ, ಭೇದಿ ಕಾಣುತ್ತವೆ. ಬಹುಪಾಲು ಮಕ್ಕಳು ಚಿಕಿತ್ಸೆಯಿಂದ ಬೇಗ ಚೇತರಿಸಿಕೊಳ್ಳುತ್ತಾರೆ. ಆದರೆ ಮೈಯ ನೀರು ಬತ್ತಿದರೆ ಎಳೆಯ ಜೀವ ತಾಳಲಾರದು.

'ಹರಳೆಣ್ಣೆ ಕುಡಿಸುತ್ತೇವಲ್ಲ, ಹರಳುಬೀಜ ಏನು ಮಾಡೀತು?' ಎನ್ನುವವರುಂಟು. ಅದರ ರಿಸಿನ್ ಎಂಬ ವಿಷ ಎಣ್ಣೆಗೆ ಇಳಿಯದೆ ಹಿಂಡಿಯಲ್ಲಿ ಉಳಿಯುತ್ತದೆ. ಅಕ್ಕಸಾಲಿಗರು ತೂಕಕ್ಕೆ ಬಳಸುತ್ತಿದ್ದ ಗುಲಗಂಜಿಯೂ ಇಂಥದೇ. ಇವೆರಡರ ಸಿಪ್ಪೆ ಗಟ್ಟಿ. ಇಡಿಯಾಗಿ ನುಂಗಿದರೆ ಹಾಗೆಯೇ ಹೊರಬೀಳಬಹುದು, ಅಗಿದರೆ ಕೇಡು. ಎರಡಕ್ಕೂ ತಕ್ಕ ಪ್ರತಿವಿಷವಿಲ್ಲ. ಲಕ್ಷಣಗಳು ತಡವಾಗಿಯೂ ಕಾಣಬಹುದು. ಮಗು ಆಡಿಕೊಂಡಿದೆಯೆಂದು ಸುಮ್ಮನಿರಬಾರದು.

ಉಮ್ಮತ್ತಿ ಬೀಜ ತಿಂದ ಮಗುವಿನ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಮಗು ಬಡಬಡಿಸುತ್ತದೆ. ಗಾಳಿ ಸೋಕಿತೆಂದು ತಾಯತ ಕಟ್ಟಿಸಲು ಓಡಿದರೆ ಹೊತ್ತು ಮೀರುತ್ತದೆ. ಹಳದಿ ಕಣಗಿಲೆಯ ಬೀಜವಂತೂ ಗುಂಡಿಗೆಯ ಬಡಿತವನ್ನೇ ಕೆಡಿಸುತ್ತದೆ.

ಹಾಗಾದರೆ ಮಾಡಬೇಕಾದುದೇನು? ಉಪ್ಪುನೀರು ಕುಡಿಸಿಯೋ ಗಂಟಲಿಗೆ ಬೆರಳಿಟ್ಟೋ ವಾಂತಿ ಮಾಡಿಸಬೇಡಿ. ಬಾಯಲ್ಲುಳಿದ ಚೂರುಗಳನ್ನು ತೆಗೆಯಿರಿ. ಮಗು ಮಂಕಾಗಿದ್ದರೆ ಏನನ್ನೂ ಕುಡಿಸದೆ ಮಗ್ಗುಲಿಗೆ ಮಲಗಿಸಿ. ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ವಾಹನ ಬೇಕಾದರೆ 108ಕ್ಕೆ ಕರೆಮಾಡಿ. ಉಳಿದ ಬೀಜ, ಕಾಯಿ, ಎಲೆಗಳನ್ನೂ ಜೊತೆಗೆ ಕೊಂಡೊಯ್ಯಿರಿ. ಅದನ್ನು ನೋಡಿದರೆ ವೈದ್ಯರಿಗೆ ಅರ್ಧ ಕೆಲಸ ಹಗುರ. ಒಂದು ಮಗು ತಿಂದಿದ್ದರೆ ಜೊತೆಗಿದ್ದ ಮಕ್ಕಳನ್ನೂ ವಿಚಾರಿಸಿ.

ಆದರೆ ಗದರಬೇಡಿ. ಏಟಿಗೆ ಹೆದರಿದ ಮಗು ತಿಂದುದನ್ನು ಮುಚ್ಚಿಡುತ್ತದೆ. ಹಾಗೆ ಮುಚ್ಚಿಟ್ಟ ಹೊತ್ತೇ ವಿಷಕ್ಕೆ ಬಲ. ಶೇಂಗಾ ಯಾವುದು, ಮರಹರಳು ಯಾವುದೆಂಬುದನ್ನು ಗಿಡದ ಬಳಿಯೇ ನಿಲ್ಲಿಸಿ ಮಕ್ಕಳಿಗೆ ತೋರಿಸಿಕೊಟ್ಟರೆ, ಬೇಲಿಯನ್ನು ಕಡಿಯದೆಯೂ ಮಕ್ಕಳನ್ನು ಕಾಯಬಹುದು.