ಕರ್ಣನ ಋಣ, ನಮ್ಮ ಋಣ

(ಪಲ್ಲಾವರಂನಲ್ಲಿ ಸೇರಿದ್ದ ನಮ್ಮ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಭಾಷಣ ಮಾಡುವಷ್ಟು ವಿದ್ಯೆ ನನಗಿಲ್ಲ. ಏಳನೆಯ ತರಗತಿ ಮುಗಿಸಿ ಕುಂದಾಪುರದ ಕಡೆಯಿಂದ ಬಸ್ಸು ಹತ್ತಿ ಬಂದವನು ನಾನು. ಈ ಊರಿನಲ್ಲಿ ಲೋಟ ತೊಳೆದೆ, ಮೇಜು ಒರೆಸಿದೆ, ಸಪ್ಲೈ ಮಾಡಿದೆ. ಈಗ ನಿಮ್ಮೆಲ್ಲರ ವಿಶ್ವಾಸದಿಂದ ಸಂಘದ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಸಂಘದವರು ಸಂಬಳ, ರಜೆ, ಇ.ಎಸ್.ಐ. ಬಿಟ್ಟು ಬೇರೆ ಮಾತನಾಡಬಾರದೆಂದು ಕೆಲವರ ಎಣಿಕೆ. ಇವತ್ತು ನಾನು ಒಂದು ಸಿನಿಮಾದ ಮಾತು ಎತ್ತಿಕೊಂಡಿದ್ದೇನೆ. ಅದು ಕೊನೆಗೆ ಸಂಬಳಕ್ಕೂ ರಜೆಗೂ ಬಂದು ಮುಟ್ಟುತ್ತದೆ. ತಾಳ್ಮೆಯಿಂದ ಕೇಳಬೇಕೆಂದು ಬಿನ್ನಹ.

ಹೋದ ವಾರ ರಾತ್ರಿ ನಮ್ಮ ಕೋಣೆಯ ಟಿ.ವಿ.ಯಲ್ಲಿ ರಜನೀಕಾಂತರ 'ದಳಪತಿ' ಬಂತು. ಪಲ್ಲಾವರಂ ಕೋಣೆಗಳ ಸಂಗತಿ ನಿಮಗೆ ಗೊತ್ತೇ ಇದೆ. ಮೀನಂಬಾಕ್ಕಂ ವಿಮಾನ ತಲೆಯ ಮೇಲೆ ಹೋದಾಗಲೆಲ್ಲ ಎರಡು ಮಾತು ಕೇಳಿಸುವುದಿಲ್ಲ. ಆದರೂ ಹನ್ನೊಂದು ಮಂದಿ ಕದಲದೆ ಕುಳಿತು ನೋಡಿದೆವು. ಮುಗಿದ ಮೇಲೆ ವಾದ ಹತ್ತಿಕೊಂಡಿತು. ಒಂದು ಗಂಟೆಯಾದರೂ ದೀಪ ಆರಲಿಲ್ಲ. ಬೆಳಗಿನ ಜಾವಕ್ಕೆ ಇಡ್ಲಿ ಪಾತ್ರೆ ಇಡಬೇಕಾದವರೂ ಮಲಗಲಿಲ್ಲ.

ನೋಡದವರಿಗಾಗಿ ಕಥೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. 1991ರ ದೀಪಾವಳಿಗೆ ಬಂದ ಮಣಿರತ್ನಂ ಅವರ ಚಿತ್ರ ಇದು. ಮಹಾಭಾರತದ ಕರ್ಣನನ್ನೇ ಈ ಕಾಲಕ್ಕೆ ತಂದಿದ್ದಾರೆ. ಮದುವೆಯಾಗದ ಹುಡುಗಿಯೊಬ್ಬಳು ಹೆತ್ತ ಮಗುವನ್ನು ಬಿಟ್ಟುಬಿಡುತ್ತಾಳೆ. ಹೊಳೆಯ ಬದಲು ಗೂಡ್ಸ್ ರೈಲು, ಕವಚ ಕುಂಡಲದ ಬದಲು ಮಗುವಿಗೆ ಸುತ್ತಿದ ಒಂದು ಬಟ್ಟೆ. ಮಗು ಬಡವರ ಕೇರಿಯಲ್ಲಿ ಬೆಳೆದು ಸೂರ್ಯನೆಂಬ ಹೆಸರಿನ ಗಂಡಾಳಾಗುತ್ತದೆ. ಮಮ್ಮೂಟ್ಟಿಯವರ ದೇವನೇ ದುರ್ಯೋಧನ. ಅರ್ಜುನನೆಂಬ ತಮ್ಮ ಜಿಲ್ಲೆಯ ಕಲೆಕ್ಟರು. ಮೂಲದಲ್ಲಿ ಕರ್ಣ ಸಾಯುತ್ತಾನೆ. ಇಲ್ಲಿ ದೇವ ಸತ್ತು ಸೂರ್ಯ ಉಳಿಯುತ್ತಾನೆ. ವಾದ ಹತ್ತಿದ್ದು ಇದರ ಮೇಲೆಯೇ.

ನಮ್ಮ ಅಡುಗೆ ಭಟ್ಟರು ಚಿಕ್ಕಂದಿನಿಂದ ತಾಳಮದ್ದಳೆ ಕೇಳಿದವರು. ಅವರೆಂದರು: "ರಥದ ಚಕ್ರ ಹೂತುಹೋಗದ ಕರ್ಣ ಎಂಥ ಕರ್ಣ? ಕರ್ಣಪರ್ವದ ದಿನ ಬೆಳಗಿನ ತನಕ ಜನ ಕೂತು ಅಳುವುದು ಏತಕ್ಕೆ? ದೊಡ್ಡ ನಟನನ್ನು ಕೊಂದರೆ ಟಿಕೇಟು ಹೋಗುವುದಿಲ್ಲವೆಂದು ಕಥೆಯನ್ನೇ ತಿರುಗಿಸಿದರು." ಕೊಪ್ಪಳದ ಕಡೆಯಿಂದ ಬಂದ ಕ್ಲೀನರ್ ಹುಡುಗ ಕರ್ಣನ ಕಥೆಯನ್ನು ಅದುವರೆಗೆ ಪೂರಾ ಕೇಳಿದವನೇ ಅಲ್ಲ. ಅವನೆಂದ: "ಹುಟ್ಟಿದಾಗಿನಿಂದ ಪೆಟ್ಟು ತಿಂದವನು ಒಂದು ಸಲವಾದರೂ ಬದುಕಲಿ ಬಿಡಿ, ಭಟ್ಟರೆ." ಮರುದಿನ ನಲ್ಲಿಯ ಹತ್ತಿರ, ಹಿಟ್ಟು ರುಬ್ಬುವ ಕೆಲಸದ ಅಕ್ಕ ಒಬ್ಬರು ಬೇರೆಯೇ ಮಾತು ಹೇಳಿದರು: "ತಾಯಿ ಮಗುವನ್ನು ಬಿಟ್ಟಳೆಂದು ಎಲ್ಲರೂ ಹೇಳುತ್ತೀರಿ. ಆ ಹುಡುಗಿಯನ್ನು ಬಿಟ್ಟುಹೋದ ಗಂಡಸಿನ ಮುಖವನ್ನು ಸಿನಿಮಾದಲ್ಲಿ ಯಾರಾದರೂ ನೋಡಿದಿರಾ?" ನಾವು ಹನ್ನೊಂದು ಜನ ಗಂಡಸರಲ್ಲಿ ಒಬ್ಬನಿಗೂ ಆ ಪ್ರಶ್ನೆ ಹೊಳೆದಿರಲಿಲ್ಲವೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಕಥೆಯನ್ನು ಬದಲಾಯಿಸಿದ್ದೇ ತಪ್ಪೆಂಬ ಭಟ್ಟರ ಮಾತನ್ನು ನಾನು ಒಪ್ಪಲಾರೆ. ಹತ್ತನೆಯ ಶತಮಾನದಲ್ಲಿ ನಮ್ಮ ಪಂಪ ಮಹಾಭಾರತವನ್ನು ಕನ್ನಡದಲ್ಲಿ ಬರೆದಾಗ ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನನನ್ನಾಗಿ ಮಾಡಿದ. ಹಾಗೆ ಮಾಡಿಯೂ ಕರ್ಣನನ್ನು ಬಾಯ್ತುಂಬ ಹೊಗಳದೆ ಇರಲು ಅವನಿಂದ ಆಗಲಿಲ್ಲ. ಬೇರೆಯವರೂ ಹೀಗೆ ಮಾಡಿದ್ದಾರೆ. ನಮ್ಮ ನೆರೆಯಲ್ಲಿ ಸಂತ ತೋಮಸರ ಬೆಟ್ಟವಿದೆ. ಅಲ್ಲಿಗೆ ಹೋಗುವವರು ಓದುವ ಬೈಬಲಿನಲ್ಲಿ ಕುರಿ ಕಾಯುವ ದಾವೀದನೆಂಬ ಹುಡುಗ ಕವಣೆ ಕಲ್ಲಿನಿಂದ ಗೊಲ್ಯಾತನೆಂಬ ದೈತ್ಯನನ್ನು ಕೆಡಹುತ್ತಾನೆ. ಅಮೆರಿಕದಲ್ಲಿ 2009ರಲ್ಲಿ ಆ ಕಥೆಯನ್ನು ಈಗಿನ ಕಾಲಕ್ಕೆ ತಿರುಗಿಸಿ 'ಕಿಂಗ್ಸ್' ಎಂಬ ಟಿ.ವಿ. ನಾಟಕ ತೆಗೆದರು. ಅಲ್ಲಿ ದಾವೀದ ಒಬ್ಬ ಸಿಪಾಯಿ, ಗೊಲ್ಯಾತನೆಂದರೆ ಶತ್ರುವಿನ ಟ್ಯಾಂಕು! ನೋಡುವವರು ಸಾಲದೆ ಅದು 13 ಕಂತಿಗೆ ನಿಂತಿತು. ಹಳೆಯ ಕಥೆಗೆ ಹೊಸ ಅಂಗಿ ತೊಡಿಸುವುದು ತಪ್ಪಲ್ಲ, ಹೊಸತೂ ಅಲ್ಲ. ಆದರೆ ಅಂಗಿ ಹೊಸದಾದ ಮಾತ್ರಕ್ಕೆ ಜನ ಬಂದು ಕೂರುತ್ತಾರೆಂದೂ ಇಲ್ಲ.

ಈ ಊರಿನಲ್ಲಿಯೇ ಕರ್ಣ ಮೂರು ಸಲ ಅಂಗಿ ಬದಲಾಯಿಸಿದ್ದಾನೆ. 1964ರಲ್ಲಿ ಶಿವಾಜಿ ಗಣೇಶನ್ ಅವರ 'ಕರ್ಣನ್' ಬಂತು. ಅದನ್ನು ತೆಗೆದವರು ನಮ್ಮ ಕೋಲಾರ ಸೀಮೆಯ ಬಿ.ಆರ್. ಪಂತುಲು ಅವರು, 2012ರಲ್ಲಿ ಅದನ್ನು ಹೊಸದಾಗಿ ತೊಳೆದು ಹಾಕಿದಾಗಲೂ ಜನ ಮುಗಿಬಿದ್ದರು. ಅಲ್ಲಿ ಕರ್ಣ ಕಿರೀಟದ ಅರಸು. 1991ರಲ್ಲಿ ಕೇರಿಯ ಹುಡುಗ. 2021ರಲ್ಲಿ ಮಾರಿ ಸೆಲ್ವರಾಜ್ ತೆಗೆದ 'ಕರ್ಣನ್' ಚಿತ್ರದಲ್ಲಂತೂ ಒಂದು ಹಳ್ಳಿಗೆ ಹಳ್ಳಿಯೇ ಕರ್ಣ. ಆ ಹಳ್ಳಿಯ ಜನಕ್ಕೆ ಬಸ್ಸು ನಿಲ್ಲಿಸುವವರಿಲ್ಲ. ಅವರ ಜಗಳವೆಲ್ಲ ಒಂದು ಬಸ್ ಸ್ಟಾಪಿಗಾಗಿ. ಕಿರೀಟದಿಂದ ಹೊರಟು ಬಸ್ ಸ್ಟಾಪಿನ ತನಕ ಕರ್ಣ ಇಳಿದು ಬಂದದ್ದು ನಮ್ಮ ಕಡೆಗೇ ಅಲ್ಲವೆ?

ಈಗ ನನ್ನ ಸ್ವಂತ ಸಂಗತಿ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಾನೊಂದು ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದೆ. ಹೋಟೆಲಿನ ಹೆಸರು ಬೇಡ. ಬೆಳಿಗ್ಗೆ ಐದಕ್ಕೆ ನಿಂತರೆ ರಾತ್ರಿ ಹತ್ತು. ವಾರದ ರಜೆ ಇಲ್ಲ. ನನಗೆ ಒಂದು ಕೈಯಲ್ಲಿ ಆರು ಲೋಟ ಹಿಡಿಯಲು ಕಲಿಸಿದ ಅಣ್ಣ ಒಬ್ಬರಿದ್ದರು. ಕಾಲ ಮೇಲೆ ಸಾಂಬಾರು ಚೆಲ್ಲಿ ಬೊಬ್ಬೆ ಎದ್ದಾಗ ಎಂಟು ದಿನ ನನ್ನ ಮೇಜುಗಳನ್ನೂ ಅವರೇ ನೋಡಿದರು. ರಾತ್ರಿ ಗಂಜಿ ತಂದುಕೊಟ್ಟರು. ಮಾಲೀಕರು ಆ ಎಂಟು ದಿನದ ಸಂಬಳ ಹಿಡಿದರು. ಆಮೇಲೆ ಆ ಅಣ್ಣ ಎಲ್ಲರನ್ನೂ ಸೇರಿಸಿ ವಾರಕ್ಕೊಂದು ರಜೆ ಕೇಳುವುದೆಂದು ಗುಟ್ಟಾಗಿ ಮಾತು ನಡೆಸಿದ್ದರು. ಮಾಲೀಕರು ನನ್ನನ್ನು ಗಲ್ಲಾದ ಬಳಿಗೆ ಕರೆದು ಮೆತ್ತಗೆ ಹೇಳಿದರು: "ಮಗಾ, ಕರ್ಣನ ಕಥೆ ಕೇಳಿದವನಲ್ಲವೆ ನೀನು? ಅನ್ನದ ಋಣ ದೊಡ್ಡದು. ಉಂಡ ಮನೆಗೆ ಎರಡು ಬಗೆಯಬಾರದು. ಇದನ್ನೆಲ್ಲ ಹೂಡಿದವನು ಯಾರು, ಹೇಳು."

ನಾನು ಹೇಳಿಬಿಟ್ಟೆ.

ಅದೇ ರಾತ್ರಿ ಆ ಅಣ್ಣನ ಪೆಟ್ಟಿಗೆ ಬೀದಿಗೆ ಬಂತು. ಅವರು ನನ್ನನ್ನು ಒಂದು ಮಾತು ಕೇಳಲಿಲ್ಲ. ಮತ್ತೆ ಇಂದಿನವರೆಗೂ ಸಿಕ್ಕಿಲ್ಲ. ನಾನು ಕರ್ಣನ ಹಾಗೆ ನಡೆದೆನೆಂದು ಒಂದೆರಡು ವರ್ಷ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಬಂಧುಗಳೆ, ಕಥೆಯನ್ನು ನಾನು ತಪ್ಪಾಗಿ ಕೇಳಿದ್ದೆ. ಆಮೇಲೆ ಒಂದು ಸಲ ಊರಿಗೆ ಹೋದಾಗ ಒಬ್ಬ ಹಿರಿಯ ಅರ್ಥಧಾರಿಗಳನ್ನು ಕೇಳಿದೆ. ಅವರು ವಿವರಿಸಿ ಹೇಳಿದರು. ಕೃಷ್ಣ ಬಂದು ಹುಟ್ಟಿನ ಗುಟ್ಟು ತಿಳಿಸಿ ರಾಜ್ಯವನ್ನೇ ಕೊಡುತ್ತೇನೆಂದಾಗ, ವ್ಯಾಸರ ಉದ್ಯೋಗಪರ್ವದಲ್ಲಿ ಕರ್ಣ ಮೊದಲು ನೆನೆಯುವುದು ದುರ್ಯೋಧನನನ್ನಲ್ಲ. ತನ್ನನ್ನು ಎತ್ತಿ ಸಾಕಿದ ಸೂತ ಅಧಿರಥನನ್ನು, ಹಾಲೂಡಿದ ರಾಧೆಯನ್ನು. ದುರ್ಯೋಧನನ ಮಾತು ಬರುವುದು ಆಮೇಲೆ. ಆ ದುರ್ಯೋಧನನಾದರೂ ಮಾಡಿದ್ದೇನು? ತುಂಬಿದ ಸಭೆಯಲ್ಲಿ ಕುಲ ಕೇಳಿ ಅವಮಾನ ಮಾಡಿದಾಗ ಅಂಗರಾಜ್ಯದ ಪಟ್ಟ ಕಟ್ಟಿ ಪಕ್ಕದಲ್ಲಿ ಕೂರಿಸಿಕೊಂಡ. ಸಿನಿಮಾದಲ್ಲಿಯೂ ಸೂರ್ಯ ಕೊಂದದ್ದು ದೇವನ ಆಳನ್ನೇ. ತಪ್ಪು ತನ್ನ ಆಳಿನದೆಂದು ತಿಳಿದ ಮೇಲೆ ದೇವ ತಾನೇ ಸೂರ್ಯನನ್ನು ಬಿಡಿಸುತ್ತಾನೆ. ಗೆಳೆತನ ಹುಟ್ಟುವುದು ಅಲ್ಲಿ. ಅದು ಸಮಸಮ ಕೂತವರ ಋಣ. ಹದಿನೇಳು ಗಂಟೆ ದುಡಿಸಿಕೊಂಡು ಎರಡು ಹೊತ್ತು ಅನ್ನ ಹಾಕುವುದು ಋಣವಲ್ಲ, ಲೆಕ್ಕ. ಲೆಕ್ಕಕ್ಕೆ ಎರಡು ಕಡೆ ಇರುತ್ತದೆ. ಅನ್ನ ಹಾಕಿದ ಕೈಯನ್ನು ನೆನೆಯೋಣ. ಆದರೆ ಆ ಅನ್ನ ಬೇಯಿಸಿದ ಕೈ, ಬಡಿಸಿದ ಕೈ, ಎಂಜಲು ತೆಗೆದ ಕೈ ಯಾರದು?

ಇನ್ನೂ ಒಂದು ಮಾತು. ಕರ್ಣನಿಗೂ ತಪ್ಪಿತು. ಜೂಜಿನ ಸಭೆಯಲ್ಲಿ ದ್ರೌಪದಿಯನ್ನು ಎಳೆತಂದಾಗ ಗೆಳೆಯನನ್ನು ತಡೆಯಲಿಲ್ಲ. ತಾನೂ ಹೀನ ಮಾತಾಡಿದ. ಋಣವಿದೆಯೆಂದು ಅನ್ಯಾಯಕ್ಕೆ ಸೇರುವುದು ಕರ್ಣನಂಥವನನ್ನೂ ಕೆಡಿಸಿತು. ಹಾಗಿರಲು ನಾನು ಯಾವ ಲೆಕ್ಕ?

ಪೆರಂಬೂರಿನ ಬಕಿಂಗ್‌ಹ್ಯಾಂ ಕರ್ನಾಟಿಕ್ ಮಿಲ್ಲಿನಲ್ಲಿ ದುಡಿದ ನಮ್ಮ ಹಿರಿಯರೊಬ್ಬರು ಸಿನಿಮಾದ ವಾದ ಕೇಳಿ ನಕ್ಕು ಹೇಳಿದರು: "ಒಬ್ಬನೇ ಬಂದು ಹತ್ತು ಜನರನ್ನು ಹೊಡೆದು ಕೇರಿಯನ್ನು ಕಾಯುವುದು ಪರದೆಯ ಮೇಲೆ ಚೆನ್ನ. ನಮ್ಮನ್ನು ಕಾದದ್ದು ಯಾವ ದಳಪತಿಯೂ ಅಲ್ಲ." ಅವರ ಮಾತು ನಿಜ. 1918ರ ಏಪ್ರಿಲ್ 27ರಂದು ಆ ಮಿಲ್ಲುಗಳ ಕೆಲಸಗಾರರು ಒಟ್ಟಾಗಿ ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದರು, ಬಿ.ಪಿ. ವಾಡಿಯಾ ಅವರು ಅಧ್ಯಕ್ಷರಾದರು. ನಮ್ಮ ದೇಶದ ಮೊಟ್ಟಮೊದಲ ಕ್ರಮಬದ್ಧ ಕಾರ್ಮಿಕ ಸಂಘ ಅದೆಂದು ಹೇಳುತ್ತಾರೆ. ಮಿಲ್ಲು 1996ರಲ್ಲಿ ಮುಚ್ಚಿತು. ಒಟ್ಟಾಗಿ ಕೇಳಬಹುದೆಂಬ ತಿಳಿವಳಿಕೆ ಮಾತ್ರ ಮುಚ್ಚಿಹೋಗಿಲ್ಲ.

ಆದುದರಿಂದ ನನ್ನ ಅರಿಕೆ ಇಷ್ಟೆ. ಸಿನಿಮಾ ನೋಡಿ, ಟಿ.ವಿ. ನೋಡಿ, ವಾದ ಮಾಡಿ. ಕರ್ಣ ಸಾಯಬೇಕೋ ಬದುಕಬೇಕೋ ಎಂಬ ಮಾತನ್ನು ಭಟ್ಟರಿಗೂ ಕ್ಲೀನರ್ ಹುಡುಗನಿಗೂ ಬಿಡೋಣ. ಆದರೆ ಯಾರಾದರೂ ನಿಮ್ಮನ್ನು ಗಲ್ಲಾದ ಬಳಿಗೆ ಕರೆದು ಕರ್ಣನ ಕಥೆ ಹೇಳತೊಡಗಿದರೆ, ನಿಮಗೆ ಗಂಜಿ ತಂದುಕೊಟ್ಟವರು ಯಾರೆಂದು ಒಂದು ಗಳಿಗೆ ನೆನೆಯಿರಿ. ಬಾಯಿ ಬಿಡುವುದು ಆಮೇಲೆ.

ಆ ಅಣ್ಣ ಈ ಪತ್ರಿಕೆ ಓದುವವರೋ ಏನೋ, ತಿಳಿಯದು. ಓದಿದರೆ, ಅವರ ಹೆಸರು ಹೇಳಿದವನು ನಾನೇ ಎಂದು ಈ ಸಭೆಯ ಮುಂದೆ ಒಪ್ಪಿಕೊಂಡಿದ್ದೇನೆಂದು ತಿಳಿಯಲಿ. ಅವರು ಕೇಳಬೇಕೆಂದಿದ್ದ ವಾರದ ರಜೆಯನ್ನು ಈಗ ನಾವು ಕೇಳುತ್ತಿದ್ದೇವೆ. ಮನವಿಯ ಕಾಗದ ಬಾಗಿಲ ಬಳಿ ಮೇಜಿನ ಮೇಲಿದೆ. ಹೊರಡುವಾಗ ಎಲ್ಲರೂ ರುಜು ಹಾಕಿ ಹೋಗಬೇಕು. ಮೊದಲ ರುಜು ನನ್ನದು.