ಯುದ್ಧ ನಿಲ್ಲುತ್ತೆ, ಯುದ್ಧಕಾಲದ ಅಧಿಕಾರ ಯಾವಾಗ ನಿಲ್ಲುತ್ತೆ?

ಇವತ್ತಿನ ಸಂಚಿಕೆಯನ್ನ ಒಂದು ಸಣ್ಣ ಲೆಕ್ಕದಿಂದ ಶುರು ಮಾಡ್ತೀನಿ. ನಾನು ಓದಿದ್ದು ಬಿ.ಕಾಂ, ಹಾಗಾಗಿ ಯಾವ ವಿಷಯ ಬಂದರೂ ಮೊದಲು ತಾರೀಕು ನೋಡೋದು ಅಭ್ಯಾಸ.

1962ರಿಂದ 1971ರ ನಡುವೆ ಭಾರತ ಮೂರು ದೊಡ್ಡ ಯುದ್ಧ ಕಂಡಿತು. ಚೀನಾ ಜೊತೆ 1962ರ ಅಕ್ಟೋಬರ್ 20ರಿಂದ ನವೆಂಬರ್ 21ರವರೆಗೆ. ಪಾಕಿಸ್ತಾನದ ಜೊತೆ 1965ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಮತ್ತೆ 1971ರ ಡಿಸೆಂಬರ್ 3ರಿಂದ 16ರವರೆಗೆ. ಎಲ್ಲಾ ಕೂಡಿಸಿದರೆ ಸುಮಾರು ನೂರು ದಿನ.

ಈಗ ಪಕ್ಕದ ಕಾಲಂ ನೋಡಿ. ಯುದ್ಧದ ಕಾರಣ ಕೊಟ್ಟು ಘೋಷಿಸಿದ ತುರ್ತು ಪರಿಸ್ಥಿತಿ ಎಷ್ಟು ದಿನ ಇತ್ತು? ಮೊದಲನೆಯದು 1962ರ ಅಕ್ಟೋಬರ್ 26ರಿಂದ 1968ರ ಜನವರಿ 10ರವರೆಗೆ. ಎರಡನೆಯದು 1971ರ ಡಿಸೆಂಬರ್ 3ರಿಂದ 1977ರ ಮಾರ್ಚ್ 27ರವರೆಗೆ. ಒಟ್ಟು ಹತ್ತೂವರೆ ವರ್ಷ! ನೂರು ದಿನದ ಯುದ್ಧಕ್ಕೆ ಹತ್ತೂವರೆ ವರ್ಷದ ತುರ್ತು ಪರಿಸ್ಥಿತಿ.

ನಮಗೆಲ್ಲ 'ಎಮರ್ಜೆನ್ಸಿ' ಅಂದ ತಕ್ಷಣ ನೆನಪಾಗೋದು 1975ರ ಜೂನ್ 25. ಆದರೆ ಆ ರಾತ್ರಿ ದೇಶದಲ್ಲಿ ಆಗಲೇ ಒಂದು ತುರ್ತು ಪರಿಸ್ಥಿತಿ ಜಾರಿಯಲ್ಲಿತ್ತು. ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಗಿ ಮೂರೂವರೆ ವರ್ಷ ಆಗಿತ್ತು, ಆ ಯುದ್ಧಕ್ಕೆ ಅಂತ ಮಾಡಿದ ಘೋಷಣೆ ಮಾತ್ರ ಹಾಗೇ ಉಳಿದಿತ್ತು. 1975ರದ್ದು ಅದರ ಮೇಲೆ ಇನ್ನೊಂದು.

ಇದು ಹೇಗೆ ಸಾಧ್ಯ ಆಯ್ತು? ಸಂವಿಧಾನದ 352ನೇ ವಿಧಿಯ ಮೂಲ ರೂಪದಲ್ಲಿ, ಘೋಷಣೆಗೆ ಎರಡು ತಿಂಗಳ ಒಳಗೆ ಸಂಸತ್ತಿನ ಒಪ್ಪಿಗೆ ಬೇಕಿತ್ತು. ಒಪ್ಪಿಗೆ ಸಿಕ್ಕಿತು ಅಂದರೆ ಮುಗೀತು. ಮತ್ತೆ ಯಾವಾಗ ಕೇಳಬೇಕು ಅನ್ನೋ ಗಡುವೇ ಇರಲಿಲ್ಲ. ನಾವು ತಗೊಳ್ಳೋ ಸಣ್ಣ ಸಾಲಕ್ಕೂ ಡ್ಯೂ ಡೇಟ್ ಇರುತ್ತೆ, ಇದಕ್ಕೆ ಇರಲಿಲ್ಲ. ಜೊತೆಗೆ 359ನೇ ವಿಧಿ. ಮೂಲಭೂತ ಹಕ್ಕು ಕೇಳಿಕೊಂಡು ಕೋರ್ಟಿಗೆ ಹೋಗೋದನ್ನೇ ಅದರಡಿ ತಡೆಹಿಡಿಯಬಹುದು. ಸಂವಿಧಾನ ಸಭೆಯಲ್ಲಿ ಇದನ್ನ ಗಟ್ಟಿಯಾಗಿ ವಿರೋಧಿಸಿದವರಲ್ಲಿ ಒಬ್ಬರು ಮಂಗಳೂರಲ್ಲಿ ಹುಟ್ಟಿದ ಎಚ್.ವಿ. ಕಾಮತ್. ಅವರ ಮಾತು ನಡೀಲಿಲ್ಲ.

ಸರಿ, ಕಾಗದದ ಮೇಲೆ ಹತ್ತೂವರೆ ವರ್ಷ ಇತ್ತು, ಜನರಿಗೆ ಏನಾಯ್ತು ಅಂತ ಕೇಳಬಹುದು. ಹೇಳ್ತೀನಿ.

1962ರಲ್ಲಿ ಅಸ್ಸಾಂ, ಪಶ್ಚಿಮ ಬಂಗಾಳದ ಕಡೆಯಿಂದ ಚೀನಿ ಮೂಲದ ಸುಮಾರು 3,000 ಜನರನ್ನ ರೈಲು ಹತ್ತಿಸಿ ರಾಜಸ್ಥಾನದ ದೇವ್ಲಿ ಶಿಬಿರಕ್ಕೆ ಕಳಿಸಿದರು. ಅವರಲ್ಲಿ ಎಷ್ಟೋ ಜನ ಇಲ್ಲೇ ಹುಟ್ಟಿದವರು. ಮಕ್ಕಳು, ಮುದುಕರು ಎಲ್ಲಾ ಇದ್ದರು. ವಿಚಾರಣೆ ಇಲ್ಲ, ಆರೋಪಪಟ್ಟಿ ಇಲ್ಲ. ಯುದ್ಧ ನಿಂತಿದ್ದು ಒಂದೇ ತಿಂಗಳಲ್ಲಿ. ಕೆಲವು ಕುಟುಂಬಗಳು ಆಚೆ ಬಂದಿದ್ದು ವರ್ಷಗಟ್ಟಲೆ ಆದಮೇಲೆ.

ಇದು ಗಡಿಯ ಸುದ್ದಿ, ಅಲ್ಪಸಂಖ್ಯಾತರ ಸುದ್ದಿ ಅಂತ ಬಿಟ್ಟರೆ ತಪ್ಪಾಗುತ್ತೆ. ಇದೇ ಚೀನಾ ಯುದ್ಧಕ್ಕೆ ಅಂತ ಮಾಡಿದ ಭಾರತ ರಕ್ಷಣಾ ನಿಯಮಗಳ ಅಡಿಯಲ್ಲೇ 1965ರ ಆಗಸ್ಟ್‌ನಲ್ಲಿ ಪಾಟ್ನಾದಲ್ಲಿ ರಾಮಮನೋಹರ ಲೋಹಿಯಾ ಅವರನ್ನ ಬಂಧಿಸಿದರು. ಆಗ ಅವರು ಲೋಕಸಭಾ ಸದಸ್ಯ. ನಿಯಮದಲ್ಲಿದ್ದ ಪದ 'ಸಾರ್ವಜನಿಕ ಸುವ್ಯವಸ್ಥೆ'. ಜಿಲ್ಲಾಧಿಕಾರಿಯ ಆದೇಶದಲ್ಲಿದ್ದದ್ದು 'ಕಾನೂನು ಮತ್ತು ಸುವ್ಯವಸ್ಥೆ'. ಎರಡೂ ಒಂದೇ ಅಲ್ಲ ಅಂತ ಸುಪ್ರೀಂ ಕೋರ್ಟ್ 1965ರ ಸೆಪ್ಟೆಂಬರ್‌ನಲ್ಲಿ ಅವರನ್ನ ಬಿಡಿಸಿತು. ಒಬ್ಬ ಸಂಸದ ವಾರಗಟ್ಟಲೆ ಒಳಗಿದ್ದು, ಪದಗಳ ವ್ಯತ್ಯಾಸದಿಂದ ಹೊರಗೆ ಬರಬೇಕಾಯ್ತು. ಹೆಸರಿಲ್ಲದ ಮನುಷ್ಯನ ಗತಿ ಏನು?

1974ರ ಮೇ ತಿಂಗಳಿಗೆ ಬನ್ನಿ. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ನೇತೃತ್ವದಲ್ಲಿ ರೈಲ್ವೆ ಮುಷ್ಕರ. ಬೇಡಿಕೆ ಸಂಬಳ, ಬೋನಸ್, ಕೆಲಸದ ಅವಧಿ. ಅದನ್ನ ಮುರಿಯೋಕೆ ಬಳಸಿದ್ದರಲ್ಲಿ 1971ರ ಯುದ್ಧಕ್ಕೆ ಅಂತ ತಂದ ಭಾರತ ರಕ್ಷಣಾ ನಿಯಮಗಳೂ ಇದ್ದವು. ಮರುವರ್ಷ ಆ ಕಾಯ್ದೆಯ ಹೆಸರನ್ನೇ ಬದಲಾಯಿಸಿದರು. 'ಭಾರತ ರಕ್ಷಣೆ' ಇದ್ದದ್ದು 'ಭಾರತದ ರಕ್ಷಣೆ ಮತ್ತು ಆಂತರಿಕ ಭದ್ರತೆ' ಆಯ್ತು. ಹೊರಗಿನ ಶತ್ರುವಿಗೆ ಅಂತ ಮಾಡಿದ ಕತ್ತಿ, ಹೆಸರಿಗೆ ಎರಡು ಪದ ಸೇರಿಸಿದ ಕೂಡಲೇ ಒಳಗಿನವರ ಕಡೆ ತಿರುಗಿತು.

ಅದರ ಬೆಲೆಯನ್ನ ನಮ್ಮ ಬೆಂಗಳೂರೂ ತೆತ್ತಿದೆ. 'ಸಂಸ್ಕಾರ' ಸಿನಿಮಾದ ನಟಿ ಸ್ನೇಹಲತಾ ರೆಡ್ಡಿ ಮೀಸಾ ಕಾಯ್ದೆಯಡಿ ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ ಎಂಟು ತಿಂಗಳು ಇದ್ದರು. ಅವರಿಗೆ ಆಸ್ತಮಾ. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಗೆ ಬಂದ ಐದೇ ದಿನಕ್ಕೆ ತೀರಿಕೊಂಡರು. ನಾವು ಇವತ್ತು ಪ್ರತಿಭಟನೆಗೆ ಸೇರೋ ಫ್ರೀಡಂ ಪಾರ್ಕ್ ಇದೆಯಲ್ಲ, ಅದೇ ಆ ಜೈಲಿದ್ದ ಜಾಗ.

ಹಾಗಾದರೆ ಯುದ್ಧದಲ್ಲಿ ಸರ್ಕಾರ ಕೈಕಟ್ಟಿ ಕೂರಬೇಕಾ ಅಂತ ಕೇಳ್ತೀರಿ. ಖಂಡಿತ ಇಲ್ಲ. ಸೈನ್ಯದ ಚಲನವಲನ ಯಾರೂ ಲೈವ್ ತೋರಿಸಬಾರದು. ಊರಿಗೆ ಬ್ಲ್ಯಾಕ್‌ಔಟ್ ಬೇಕಾಗಬಹುದು. ಗೂಢಚಾರರನ್ನ ಹಿಡೀಬೇಕು. ಅಧಿಕಾರ ಕೊಡಲೇಬೇಕು. ನನ್ನ ಪ್ರಶ್ನೆ ಇರೋದು ಅದನ್ನ ವಾಪಸ್ ಪಡೆಯೋ ತಾರೀಕಿನ ಬಗ್ಗೆ.

1978ರ 44ನೇ ತಿದ್ದುಪಡಿ ಕಲಿತ ಪಾಠ ಇದೇ. ಈಗ ಸಚಿವ ಸಂಪುಟ ಲಿಖಿತವಾಗಿ ಹೇಳಬೇಕು. ಒಂದು ತಿಂಗಳಲ್ಲಿ ಸಂಸತ್ತು ವಿಶೇಷ ಬಹುಮತದಿಂದ ಒಪ್ಪಬೇಕು. ಪ್ರತಿ ಆರು ತಿಂಗಳಿಗೊಮ್ಮೆ ಮತ್ತೆ ಕೇಳಬೇಕು. ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿಯ ರಕ್ಷಣೆಯನ್ನ ಯುದ್ಧದಲ್ಲೂ ತಡೆಹಿಡಿಯೋ ಹಾಗಿಲ್ಲ. 1977ರ ನಂತರ 352ನೇ ವಿಧಿಯನ್ನ ಬಳಸೇ ಇಲ್ಲ. ಕಾರ್ಗಿಲ್‌ನಲ್ಲೂ ಇಲ್ಲ, 2025ರ ಮೇನಲ್ಲೂ ಇಲ್ಲ.

ಖುಷಿ ಪಡೋ ವಿಷಯವೇ. ಆದರೆ ಅಧಿಕಾರ ಮುಂಬಾಗಿಲು ಬಿಟ್ಟು ಪಕ್ಕದ ಬಾಗಿಲಿಂದ ಬರೋದನ್ನೂ ನೋಡಬೇಕು. 2025ರ ಮೇ 8ರಂದು, ಭಾರತದಲ್ಲಿ 8,000ಕ್ಕೂ ಹೆಚ್ಚು ಖಾತೆಗಳನ್ನ ತಡೆಯೋಕೆ ಸರ್ಕಾರದಿಂದ ಆದೇಶ ಬಂದಿದೆ ಅಂತ ಎಕ್ಸ್ ಕಂಪನಿ ಹೇಳಿತು. ಸುಳ್ಳು ಸುದ್ದಿ ಆಗ ಭಯಂಕರವಾಗಿ ಹರಡ್ತಾ ಇತ್ತು, ಅದೂ ನಿಜ. ಆದರೆ ಇಂಥ ತಡೆಗೆ ಬಳಸೋ ಐಟಿ ಕಾಯ್ದೆಯ 69ಎ ಸೆಕ್ಷನ್ನಿನ ನಿಯಮಗಳಲ್ಲಿ ಗೋಪ್ಯತೆ ಕಡ್ಡಾಯ. ಪರಿಶೀಲನಾ ಸಮಿತಿ ಇದೆ, ಅದರಲ್ಲಿರೋದು ಸರ್ಕಾರದ ಕಾರ್ಯದರ್ಶಿಗಳೇ. ಸಂಸತ್ತಿನ ಮುಂದೆ ಆರು ತಿಂಗಳಿಗೊಮ್ಮೆ ಬರಬೇಕು ಅನ್ನೋದು ಇಲ್ಲಿಲ್ಲ.

ಗಡುವು ಹಾಕೋದು ಅಸಾಧ್ಯ ಏನಲ್ಲ. ಇಂಟರ್ನೆಟ್ ಬಂದ್ ವಿಷಯದಲ್ಲೇ ನೋಡಿ. ಕಾಶ್ಮೀರದ ಪತ್ರಕರ್ತೆ ಅನುರಾಧಾ ಭಾಸಿನ್ ಅವರ ಪ್ರಕರಣದಲ್ಲಿ 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಅನಿರ್ದಿಷ್ಟ ಕಾಲ ಬಂದ್ ಮಾಡೋ ಹಾಗಿಲ್ಲ, ಆದೇಶ ಪ್ರಕಟಿಸಬೇಕು ಅಂತು. ಅದೇ ವರ್ಷ ನಿಯಮ ತಿದ್ದಿ, ಒಂದು ಆದೇಶ 15 ದಿನ ಮೀರಬಾರದು ಅಂತ ಸೇರಿಸಿದರು. ಮತ್ತೆ ಬೇಕಾದರೆ ಮತ್ತೆ ಆದೇಶ ಹೊರಡಿಸಲಿ, ಕಾರಣ ಕೊಡಲಿ.

ಮುಂದಿನ ಸಲ ಗಡಿಯಲ್ಲಿ ಗುಂಡಿನ ಸದ್ದು ಕೇಳಿದಾಗ, ಟಿವಿಯಲ್ಲಿ ಯಾರಾದರೂ 'ಈಗ ಹಕ್ಕಿನ ಮಾತು ಬೇಡ' ಅಂದಾಗ, ಜಗಳ ಆಡೋದು ಬೇಡ. ಮೂರೇ ಪ್ರಶ್ನೆ ಕೇಳಿ. ಈ ಆದೇಶ ಎಲ್ಲಿ ಪ್ರಕಟ ಆಗಿದೆ? ಇದನ್ನ ಪರಿಶೀಲಿಸೋದು ಯಾರು? ಇದು ಮುಗಿಯೋ ತಾರೀಕು ಯಾವುದು? ಮೂರನೆಯದಕ್ಕೆ ಉತ್ತರ ಬರದಿದ್ದರೆ ಆ ಹತ್ತೂವರೆ ವರ್ಷ ನೆನಪಿಸಿಕೊಳ್ಳಿ.

ಇಷ್ಟು ಇವತ್ತಿನ ಮಾತು. ನಿಮ್ಮ ಮನೆಯ ಹಿರಿಯರು 1962ರದ್ದೋ 1971ರದ್ದೋ ದಿನಗಳನ್ನ ಕಂಡಿದ್ದರೆ ಕೇಳಿ, ನಮಗೂ ಬರೆದು ಕಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.