ಬ್ರೇಕ್ ಇಲ್ಲದ ಬೈಕು, ಹೂಂ ಅನ್ನದ ಅಕ್ಕ

ನಾನು ಕುಂದಗೋಳ ತಾಲೂಕಿನ ಕುಬಿಹಾಳದಾಂವ. ಇವತ್ತ ಬೈಕ್ ರೇಸಿನ ಬಗ್ಗೆ ಮಾತಾಡೂಣು. ಸೈಲೆನ್ಸರ್ ಕಿತ್ತು ಬೈಪಾಸಿನ್ಯಾಗ ಓಡಸೂ ಹುಡುಗೂರ ಸುದ್ದಿ ಅಲ್ಲ, ಅದನ್ನೇ ಜೀವನ ಮಾಡಿಕೊಂಡವರ ಸುದ್ದಿ.

ನಮ್ಮ ಅಕ್ಕನ ಮಗಗ 17 ವರ್ಷ. ಮೊಬೈಲಿನ್ಯಾಗ ಸ್ಪೀಡ್‌ವೇ ನೋಡಿ ನೋಡಿ ಹುಚ್ಚು ಹಿಡಿಸಿಕೊಂಡಾನ. ಸ್ಪೀಡ್‌ವೇ ಅಂದ್ರ ತತ್ತಿ ಆಕಾರದ ಮಣ್ಣಿನ ಟ್ರ್ಯಾಕು. ನಾಕು ಮಂದಿ, ನಾಕು ಸುತ್ತು, ಸುಮಾರು ಒಂದು ನಿಮಿಷದಾಗ ಆಟ ಖಲಾಸ್. 500 ಸಿಸಿ ಇಂಜಿನ್, ಮೆಥನಾಲ್ ಇಂಧನ, ಒಂದೇ ಗೇರು. ಬ್ರೇಕಂತೂ ಇಲ್ಲೇ ಇಲ್ಲ. ಎಡಗಾಲಿನ ಬೂಟಿಗೆ ಉಕ್ಕಿನ ಅಟ್ಟಿ ಕಟ್ಟಿಕೊಂಡು, ಹಿಂದಿನ ಗಾಲಿ ಜಾರಿಸಿಕೋತ ತಿರುವು ದಾಟತಾರ. ಮಳಿ ಬಿದ್ದ ಎರಿ ಮಣ್ಣಿನ ದಾರಿಯೊಳಗ ಬೈಕ್ ಹೊಡದ ನಮಗೂ ಜಾರೂದು ಗೊತ್ತೈತಿ. ನಾವು ಜಾರಬಾರದು ಅಂತ ಹೊಡೀತೀವಿ, ಅವರು ಜಾರಬೇಕು ಅಂತ. ಪೋಲೆಂಡಿನ್ಯಾಗ ಇದಕ್ಕ ಸ್ಟೇಡಿಯಂ ತುಂಬ ಜನ. ನಮ್ಮಲ್ಲಿ ಆ ಆಟ ಬೇರು ಬಿಟ್ಟಿಲ್ಲ. ನಮ್ಮ ಕನ್ನಡ ನೆಲದ ಹುಡುಗೂರು ಹೆಸರು ಮಾಡಿದ್ದು ಮೋಟೋಕ್ರಾಸು, ರ್‍ಯಾಲಿಯೊಳಗ.

ಬೆಂಗಳೂರಿನ ಸಿ.ಎಸ್. ಸಂತೋಷ್ ಅವರನ್ನ ತಗೋರಿ. ಮೋಟೋಕ್ರಾಸಿನಿಂದ ಬಂದವರು, ಹಿಮಾಲಯದ ರ್‍ಯಾಲಿ ಗೆದ್ದವರು. 2013ರಾಗ ಅಬುಧಾಬಿ ಮರಳುಗಾಡಿನ್ಯಾಗ ಬೈಕಿಗೆ ಬೆಂಕಿ ಹತ್ತಿ ಕುತ್ತಿಗಿ ಸುಟ್ಟುಕೊಂಡರು. ಆದರೂ ಬಿಡಲಿಲ್ಲ. 2015ರಲ್ಲಿ ದಕ್ಷಿಣ ಅಮೆರಿಕದ ಡಕಾರ್ ರ್‍ಯಾಲಿಗೆ ಇಳಿದ ಮೊದಲ ಭಾರತೀಯ ಇವರೇ. ಎರಡು ವಾರ, ಸುಮಾರು 9 ಸಾವಿರ ಕಿಲೋಮೀಟರ್. ಬಂದಿದ್ದು 36ನೇ ಸ್ಥಾನ. '36 ಅಂದ್ರ ಏನ್ ದೊಡ್ಡದು' ಅನ್ನಾಂವ ಆ ಮರಳಿನ್ಯಾಗ ಒಂದು ತಾಸು ಗಾಡಿ ಹೊಡೀಲಿ, ಆಮ್ಯಾಲ ಮಾತಾಡೂಣು.

ಮುಂದ ಹೀರೋ ತಂಡ ಸೇರಿದರು. 2020ರ ಡಕಾರ್‌ನೊಳಗ ಅದೇ ತಂಡದ ಪೋರ್ಚುಗಲ್ ಸವಾರ ಪಾಲೊ ಗೊನ್ಸಾಲ್ವಿಸ್ ಬಿದ್ದು ತೀರಿಕೊಂಡರು, ತಂಡ ರೇಸ್ ಬಿಟ್ಟು ಹಿಂದ ಸರಿದಿತು. ಮರುವರ್ಷ, 2021ರ ಜನವರಿ 6ಕ್ಕ, ಸೌದಿ ಅರೇಬಿಯಾದಾಗ ಸಂತೋಷ್ ಬಿದ್ದರು. ತಲಿಗೆ ಪೆಟ್ಟು. ರಿಯಾದಿನ ಆಸ್ಪತ್ರೆಗೆ ಹೆಲಿಕಾಪ್ಟರಿನ್ಯಾಗ ಒಯ್ದರು, ವೈದ್ಯರು ಔಷಧಿ ಕೊಟ್ಟು ಕೋಮಾದಾಗ ಇಟ್ಟರು. ಬದುಕಿ ಊರಿಗೆ ಬಂದರು.

ಬೆಂಗಳೂರಿನವರೇ ಐಶ್ವರ್ಯಾ ಪಿಸ್ಸೆ. 2018ರಾಗ ಸ್ಪೇನಿನ ಬಾಹಾ ರೇಸಿನ್ಯಾಗ ಬಿದ್ದು ಹೊಟ್ಟಿಯೊಳಗಿನ ಮೇದೋಜೀರಕ ಗ್ರಂಥಿಗೇ ಪೆಟ್ಟಾತು. ಮರುವರ್ಷ, 2019ರಾಗ, ಎಫ್‌ಐಎಂ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದರು. ಮೋಟಾರು ಕ್ರೀಡೆಯೊಳಗ ವಿಶ್ವ ಕಿರೀಟ ಗೆದ್ದ ಮೊದಲ ಭಾರತೀಯಳು. ಈ ಸುದ್ದಿ ನಮ್ಮ ಊರ ಕಟ್ಟಿಗೆ ಬಂದು ಮುಟ್ಟಲೇ ಇಲ್ಲ, ಕ್ರಿಕೆಟ್ ಆಗಿದ್ರ ಪಟಾಕಿ ಹೊಡೀತಿದ್ರು.

ಇಷ್ಟೆಲ್ಲಾ ನಾನು ಅಳಿಯಗ ಹೇಳಿದೆ. ಅಂವಗ ಕಂಡಿದ್ದು ಕಪ್ಪು. ಪಕ್ಕದಾಗ ಕುಂತ ಅಕ್ಕ ಕೇಳಿದ್ದು ಒಂದೇ ಮಾತು: 'ಬಿದ್ದರ ಯಾರು ನೋಡ್ಕೋತಾರ?' ಕಂಪನಿ ತಂಡ ಸೇರಿದವರ ಹಿಂದ ವೈದ್ಯರು, ಹೆಲಿಕಾಪ್ಟರ್ ಇರತಾವು. ಅಲ್ಲೀತನಕ ಮುಟ್ಟೂ ಮೊದಲಿನ ವರ್ಷಗಳಾಗ ಟೈರು, ಹೆಲ್ಮೆಟ್ಟು, ಎಲುಬು ಎಲ್ಲಾ ಮನೀ ಖರ್ಚಿಂದು. ನಾಕು ಎಕರೆ ಹೊಲದ ಮನಿಗೆ ಅದು ಸಣ್ಣ ಲೆಕ್ಕಲ್ಲ. ಅಕ್ಕನ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ.

ಸಂತೋಷ್ ಅವರು ಕೋಲಾರದ ಕಡೆ ಬಿಗ್ ರಾಕ್ ಅಂತ ಮಣ್ಣಿನ ಹಾದಿಯ ತರಬೇತಿ ಜಾಗ ಕಟ್ಟಿದ್ದರು. ಬೀಳೂದು ಹೆಂಗ ಅಂತ ಮೊದಲು ಇಂಥಾ ಜಾಗದಾಗ ಕಲಿ, ಶುಲ್ಕ ವಿಚಾರಿಸು, ರೈಲಿನ ಚಾರ್ಜು ನಂದು ಅಂತ ಅಳಿಯಗ ಅಂದೀನಿ. ಅಂವ ಆಗಲೇ ಚೀಲ ಕಟ್ಟ್ಯಾನ. ಅಕ್ಕ ಮಾತ್ರ ಇನ್ನೂ ಹೂಂ ಅಂದಿಲ್ಲ.